ವಾಪಸ್ ಬರೋದು ಹೇಗೆ ಅನ್ನೋದೇ ಮೊದಲ ಪ್ರಶ್ನೆ

ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಮಗನೋ, ಸೊಸೆಯೋ, ಪಕ್ಕದ ಮನೆಯವರೋ ಹೇಗೋ ಕರೆದುಕೊಂಡು ಹೋಗುತ್ತಾರೆ. ಆದರೆ ಕೂದಲು ಕತ್ತರಿಸಿಕೊಳ್ಳೋಕೆ ಯಾರನ್ನು ಕೇಳುವುದು? ಇಸ್ಪೀಟು ಆಡೋಕೆ? ಸುಮ್ನೆ ಅಂಗಡಿಯಲ್ಲಿ ಒಂದು ಸುತ್ತು ಹಾಕಿ ಬರೋಕೆ? ಕಾರು ಓಡಿಸೋದು ನಿಂತ ಮೇಲೆ ಹಳ್ಳಿ ಕಡೆಯ ವಯಸ್ಸಾದವರು ಮೊದಲು ಬಿಟ್ಟುಬಿಡೋದು ಇಂಥವನ್ನೇ. 

ನಾನಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಇಲ್ಲಿ ಹಳ್ಳಿಗಳಿಗೆ ಫೋನ್ ಮಾಡಿದರೆ ಬರುವ ಬಸ್ ಇದೆ. ಅದನ್ನು ನಡೆಸುವ ಸಂಸ್ಥೆಯೊಂದರಲ್ಲಿ ನಾನು ಡಿಸ್ಪ್ಯಾಚರ್. ಫೋನ್ ತೆಗೆದುಕೊಳ್ಳೋದು, ಯಾರನ್ನು ಯಾವ ಬಸ್ಸಿಗೆ ಹಾಕಬೇಕು ಅಂತ ಪಟ್ಟಿ ಮಾಡೋದು, ಡ್ರೈವರುಗಳ ಜೊತೆ ದಿನವಿಡೀ ರೇಡಿಯೋದಲ್ಲಿ ಮಾತಾಡೋದು ನನ್ನ ಕೆಲಸ. ಇಲ್ಲಿಗೆ ಕೂರುವ ಮುಂಚೆ ಸ್ವಲ್ಪ ಕಾಲ ಬಸ್ಸನ್ನೂ ಓಡಿಸಿದ್ದೆ.

ಅಯೋವಾದಲ್ಲಿ 99 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ಕಡೆಯ ಒಂದು ದೊಡ್ಡ ತಾಲ್ಲೂಕು ಅಂದುಕೊಳ್ಳಿ. ಇಷ್ಟಕ್ಕೂ ಸೇರಿ 16 ಪ್ರಾದೇಶಿಕ ಸಾರಿಗೆ ಸಂಸ್ಥೆಗಳಿವೆ. ಹಾಗಾಗಿ ರಾಜ್ಯದ ಯಾವ ಕೌಂಟಿಯೂ ಪೂರ್ತಿ ಹೊರಗೆ ಉಳಿದಿಲ್ಲ. ಹಳ್ಳಿ ಕಡೆ ರಸ್ತೆಗಳು ಚೌಕಾಬಾರದ ಮನೆಗಳ ಹಾಗೆ, ಮೈಲಿಗೊಂದು ಅಡ್ಡ, ಮೈಲಿಗೊಂದು ಉದ್ದ. ಮಧ್ಯೆ ಬರೀ ಮೆಕ್ಕೆಜೋಳ, ಸೋಯಾ. ಅಲ್ಲೊಂದು ಮನೆ, ಇಲ್ಲೊಂದು ಮನೆ. ಬಹಳಷ್ಟು ಜಲ್ಲಿ ರಸ್ತೆಗಳೇ. ಇಂಥ ಕಡೆ ಇಷ್ಟು ಗಂಟೆಗೆ ಈ ಸ್ಟಾಪಿಗೆ ಬಸ್ ಬರುತ್ತದೆ ಅಂತ ಬೋರ್ಡ್ ಹಾಕಿದರೆ ಜನವರಿಯ ಚಳಿಯಲ್ಲಿ ಯಾರು ಬಂದು ನಿಲ್ಲುತ್ತಾರೆ? ಬಸ್ಸೇ ಬಾಗಿಲಿಗೆ ಹೋಗಬೇಕು.

ನಮ್ಮಲ್ಲಿ ಹಿಂದಿನ ದಿನ ಮಧ್ಯಾಹ್ನದೊಳಗೆ ಫೋನ್ ಮಾಡಿ ಹೇಳಬೇಕು. ಹೇಳಿದ ಹೊತ್ತಿಗೆ ಹದಿನೈದು ನಿಮಿಷ ಆಚೀಚೆ ಬಸ್ ಬರುತ್ತದೆ. ಯಾರು ಬೇಕಾದರೂ ಹತ್ತಬಹುದು, ವಯಸ್ಸಾಗಿರಲೇಬೇಕು ಅಂತೇನಿಲ್ಲ. ಯಾಕೆ ಹೋಗುತ್ತೀರಿ ಅಂತ ಕೇಳುವುದು ಬಿಲ್ಲಿಗೆ ಬೇಕಾದಾಗ ಮಾತ್ರ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ಆಸ್ಪತ್ರೆ ಓಡಾಟಕ್ಕೆ ದುಡ್ಡು ಕೊಡುತ್ತದೆ, ಅದಕ್ಕೆ ಲೆಕ್ಕ ಬೇಕು. ಉಳಿದಂತೆ ಅವರು ಎಲ್ಲಿಗೆ ಹೋದರೆ ನಮಗೇನು?

ಪಟ್ಟಿ ಕಟ್ಟುವಾಗ ನಾನು ಮೊದಲು ಕೂರಿಸೋದು ಡಯಾಲಿಸಿಸ್‌ನವರನ್ನು. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಅದು ತಪ್ಪುವಂತಿಲ್ಲ. ಅವರ ಸಮಯ ಗಟ್ಟಿಯಾದ ಮೇಲೆ ಬೆಳಗಿನ ಬಸ್ ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಅಂತ ಗೊತ್ತಾಗುತ್ತದೆ. ಆ ದಾರಿಯಲ್ಲಿ ಸಿಗುವ ಬೇರೆಯವರನ್ನು ಅದಕ್ಕೆ ಜೋಡಿಸುತ್ತಾ ಹೋಗುತ್ತೇನೆ. ಅಂಗಡಿಗೆ ಹೋಗುವವರಿಗೆ ಫೋನ್ ಮಾಡಿ, "ಹತ್ತಕ್ಕೆ ಬದಲು ಒಂಬತ್ತೂವರೆಗೆ ಬಂದರೆ ಆಗುತ್ತಾ?" ಅಂತ ಕೇಳುತ್ತೇನೆ. ಹೆಚ್ಚಿನವರು ಆಗುತ್ತದೆ ಅನ್ನುತ್ತಾರೆ.

ಹೋಗೋದು ಸುಲಭ. ಕಷ್ಟ ಇರೋದು ವಾಪಸ್ ಬರೋದರಲ್ಲಿ. ಹೊಸದಾಗಿ ಫೋನ್ ಮಾಡುವವರಲ್ಲಿ ಎಷ್ಟೋ ಜನ ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆಯೇ ಕೇಳೋದು, "ನನ್ನನ್ನು ಅಲ್ಲೇ ಬಿಟ್ಟುಬಿಡಲ್ಲ ತಾನೆ?" ಅಂತ. ಡಾಕ್ಟರು ಎಷ್ಟು ಹೊತ್ತು ಕೂರಿಸುತ್ತಾರೋ ಯಾರಿಗೆ ಗೊತ್ತು? ಅದಕ್ಕೆ ಆಸ್ಪತ್ರೆಗೆ ಹೋದವರಿಗೆ ವಾಪಸ್ ಸಮಯ ಬರೆಯೋದಿಲ್ಲ. ಕೆಲಸ ಮುಗಿದ ಮೇಲೆ ಅವರೇ ಫೋನ್ ಮಾಡುತ್ತಾರೆ. ಆ ಫೋನಿಗಾಗಿ ಮಧ್ಯಾಹ್ನ ಒಂದು ಬಸ್ಸಿನ ಪಟ್ಟಿಯಲ್ಲಿ ಜಾಗ ಖಾಲಿ ಇಟ್ಟಿರುತ್ತೇನೆ. ನಮ್ಮ ಸಾಫ್ಟ್‌ವೇರಿಗೆ ಖಾಲಿ ಜಾಗ ಕಂಡರೆ ಆಗೋದಿಲ್ಲ, ತುಂಬಿಸಿಬಿಡುತ್ತದೆ. ನಾನು ಮತ್ತೆ ತೆಗೆಯುತ್ತೇನೆ. ಜಲ್ಲಿ ರಸ್ತೆಯಲ್ಲಿ ಮಂಜು ಕರಗಿದಾಗ ಬಸ್ ಎಷ್ಟು ನಿಧಾನ ಹೋಗುತ್ತದೆ, ವಾಕರ್ ಹಿಡಿದವರು ಬಾಗಿಲಿಂದ ಬಸ್ಸಿಗೆ ಬರೋಕೆ ಎಷ್ಟು ಹೊತ್ತು ಬೇಕು ಅನ್ನೋದೆಲ್ಲ ಅದಕ್ಕೆ ಹೇಗೆ ಗೊತ್ತಾಗಬೇಕು?

ಒಬ್ಬ ಹೆಂಗಸು ಹೊಲದ ಮನೆಯಲ್ಲಿ ಒಬ್ಬರೇ ಇದ್ದಾರೆ. ಎಂಬತ್ತು ದಾಟಿದೆ. ಜಮೀನು ಗುತ್ತಿಗೆಗೆ ಕೊಟ್ಟಿದ್ದಾರೆ. ಕಣ್ಣು ಮಂಜಾಗಿ ಕಾರು ಬಿಟ್ಟರು. ಮಗ ದೂರದ ಊರಲ್ಲಿದ್ದಾನೆ, ಕೇಳಿದರೆ ರಜೆ ಹಾಕಿ ಬರುತ್ತಾನೆ. ಅದಕ್ಕೇ ಅವರು ಕೇಳೋದಿಲ್ಲ. ಮೊದಲು ಬರೀ ಕಣ್ಣಿನ ಡಾಕ್ಟರಿಗೆ ಅಂತ ನಮ್ಮ ಬಸ್ ಹತ್ತುತ್ತಿದ್ದರು. ಆಮೇಲೆ ವಾಪಸ್ ಬರುವಾಗ ಲೈಬ್ರರಿಗೆ ಬಿಡಬಹುದಾ ಅಂತ ಕೇಳಿದರು. ಈಗ ಶುಕ್ರವಾರ ಪೇಟೆಯಲ್ಲಿ ಹೇರ್‌ಸೆಟ್, ಸ್ನೇಹಿತೆಯರ ಜೊತೆ ಊಟ. "ಮಗನ ಕಾರಿನಲ್ಲಿ ಹೋದರೆ ಅವನ ಅವಸರಕ್ಕೆ ನಾನು ಓಡಬೇಕು. ನಿಮ್ಮ ಬಸ್ಸಿಗೆ ದುಡ್ಡು ಕೊಡುತ್ತೀನಿ, ನಿಮಗೆ ಬಯ್ಯಲೂಬಹುದು" ಅಂತ ಒಂದು ದಿನ ಫೋನಿನಲ್ಲಿ ನಕ್ಕರು. ಬಯ್ಯುತ್ತಾರೆ ಕೂಡ. ಬಸ್ ಐದು ನಿಮಿಷ ಬೇಗ ಬಂದರೂ ಬಯ್ಯುತ್ತಾರೆ.

ಗಾಲಿಕುರ್ಚಿಯವರನ್ನು ಹತ್ತಿಸುವುದು ಹೊರಗಿನಿಂದ ನೋಡಿದರೆ ಏನೂ ಅಲ್ಲ ಅನಿಸುತ್ತದೆ. 1990ರ ಅಂಗವಿಕಲರ ಹಕ್ಕಿನ ಕಾನೂನು ಬಂದ ಮೇಲಿನ ನಿಯಮದ ಪ್ರಕಾರ ಲಿಫ್ಟ್ ಕನಿಷ್ಠ 600 ಪೌಂಡ್, ಅಂದರೆ ಸುಮಾರು 272 ಕಿಲೋ ಹೊರಬೇಕು. ಕುರ್ಚಿಯ ಬ್ರೇಕ್ ಹಾಕಿ ಮೇಲಕ್ಕೆತ್ತಬೇಕು. ಒಳಗೆ ಹೋದ ಮೇಲೆ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಬೆಲ್ಟಿನಿಂದ ಕುರ್ಚಿಯನ್ನು ಬಸ್ಸಿನ ನೆಲಕ್ಕೆ ಬಿಗಿಯಬೇಕು. ಕೊಕ್ಕೆ ಕುರ್ಚಿಯ ಗಟ್ಟಿ ಚೌಕಟ್ಟಿಗೇ ಸಿಗಬೇಕು, ಚಕ್ರಕ್ಕೋ ಕಾಲಿಡುವ ಹಲಗೆಗೋ ಸಿಕ್ಕಿಸಿದರೆ ಕೆಲಸಕ್ಕೆ ಬಾರದು. ಕೊನೆಗೆ ಕುರ್ಚಿ ಹಿಡಿದು ಅಲ್ಲಾಡಿಸಿ ನೋಡಬೇಕು. ಆಮೇಲೆ ಕೂತವರಿಗೆ ಬೇರೆ ಬೆಲ್ಟ್. ಚಳಿಗಾಲದಲ್ಲಿ ಕೈಗವಸು ಬಿಚ್ಚದೆ ಆ ಬಕಲ್ ಹಾಕೋಕೆ ಆಗೋದಿಲ್ಲ, ಬಿಚ್ಚಿದರೆ ಬೆರಳು ಮರಗಟ್ಟುತ್ತದೆ. ಈ ಹೊತ್ತನ್ನೂ ಪಟ್ಟಿಯಲ್ಲಿ ಸೇರಿಸಬೇಕು. ನಾನು ಡ್ರೈವರ್ ಆಗಿದ್ದದ್ದು ಉಪಯೋಗಕ್ಕೆ ಬಂದದ್ದು ಇಲ್ಲೇ.

ಸಿಟ್ಟು ಬರೋದು ಬೇರೆ ವಿಷಯಕ್ಕೆ. ಒಂದು ಆಸ್ಪತ್ರೆಯವರು ಅಪಾಯಿಂಟ್‌ಮೆಂಟಿನ ಸಮಯ ಬದಲಾಯಿಸಿ ಎಷ್ಟೋ ಸಲ ಯಾರಿಗೂ ಹೇಳುತ್ತಿರಲಿಲ್ಲ. ಬಸ್ ಬಾಗಿಲಿಗೆ ಹೋಗಿ ನಿಂತಾಗಲೇ ಗೊತ್ತಾಗುತ್ತಿತ್ತು. ಈಗ ನಾನೇ ಹಿಂದಿನ ದಿನ ಅವರಿಗೆ ಫೋನ್ ಮಾಡುತ್ತೇನೆ. ನನ್ನ ಕೆಲಸವಲ್ಲ, ಆದರೂ ಡ್ರೈವರ್ ಅರ್ಧ ಗಂಟೆ ಜಲ್ಲಿ ರಸ್ತೆಯಲ್ಲಿ ಸುಮ್ಮನೆ ಓಡೋದು ತಪ್ಪುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಪ್ರಯಾಣಿಕರು ಕೊಡೋದು ಕೆಲವೇ ಡಾಲರ್, ನಿಜವಾದ ಖರ್ಚು ಅದರ ಎಷ್ಟೋ ಪಟ್ಟು. 50,000ಕ್ಕಿಂತ ಕಡಿಮೆ ಜನ ಇರುವ ಕಡೆಗಳಿಗೆ ಕೇಂದ್ರ ಸರ್ಕಾರದಿಂದ ಸೆಕ್ಷನ್ 5311 ಅನ್ನುವ ಅನುದಾನ ಇದೆ. ಬಸ್ ಓಡಿಸುವ ನಷ್ಟದಲ್ಲಿ ಸಾಮಾನ್ಯವಾಗಿ ಅರ್ಧದವರೆಗೆ ಅದು ತುಂಬುತ್ತದೆ. ಉಳಿದದ್ದನ್ನು ಸ್ಥಳೀಯವಾಗಿ ಹೊಂದಿಸಬೇಕು. "ಖಾಲಿ ಬಸ್ ಓಡಿಸುತ್ತೀರಲ್ಲ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕರೆಯೋಕೆ ಹೋಗುವ ಬಸ್ ಖಾಲಿಯೇ ಹೋಗಬೇಕು ಅಲ್ವಾ? ಅದರಲ್ಲಿ ಮೊದಲೇ ಯಾರು ಕೂತಿರುತ್ತಾರೆ?

ಹಾಸನ ಜಿಲ್ಲೆಯಲ್ಲಿರುವ ಅಮ್ಮನಿಗೆ ಇದನ್ನೆಲ್ಲ ಹೇಳುತ್ತಿರುತ್ತೇನೆ. ಅಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಅಮ್ಮ ಖುಷಿಯಾಗೇ ಇದ್ದಾಳೆ. ಆದರೆ ಸಂಜೆ ಕೊನೆ ಬಸ್ ತಪ್ಪಿದರೆ ಆಟೋದವನಿಗೆ ಫೋನ್ ಮಾಡಬೇಕು, ಅವನು ಕೇಳಿದಷ್ಟು ಕೊಡಬೇಕು. "ಹೋಗೋದು ಫ್ರೀ ಕಣೇ, ಬರೋದಕ್ಕೇ ದುಡ್ಡು" ಅನ್ನುತ್ತಾಳೆ. ಇಲ್ಲಿನ ಅಜ್ಜಿಯರು ಫೋನ್ ಮಾಡಿ ಕೇಳೋದೂ ಅದನ್ನೇ.

ಈಚೆಗೆ ಬುಕ್ಕಿಂಗಿಗೆ ಆ್ಯಪ್ ಮಾಡೋಣ ಅನ್ನುವ ಮಾತು ನಡೆಯುತ್ತಿದೆ. ಮಾಡಲಿ, ಕಾಲೇಜಿಗೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲ. ಆದರೆ ಫೋನ್ ಲೈನ್ ಮುಚ್ಚೋಕೆ ನಾನು ಒಪ್ಪೋದಿಲ್ಲ ಅಂತ ಮೀಟಿಂಗಿನಲ್ಲಿ ಹೇಳಿಬಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ದನಿ ಕೇಳಿದರೇ ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗುತ್ತದೆ. ಆಗ ಡ್ರೈವರಿಗೆ, "ಅವರು ಬಾಗಿಲು ತೆಗೆಯೋಕೆ ತಡ ಮಾಡಿದರೆ ಹಾರ್ನ್ ಹೊಡೀಬೇಡ, ಇಳಿದು ಹೋಗಿ ನೋಡು" ಅಂತ ಹೇಳುತ್ತೇನೆ.

ನಮ್ಮಲ್ಲಿ ಇನ್ನೂ ಆಗದೇ ಇರೋದು ಭಾನುವಾರದ ಬಸ್. ಚರ್ಚಿಗೆ ಹೋಗಬೇಕು ಅಂತ ಜನ ಕೇಳುತ್ತಲೇ ಇರುತ್ತಾರೆ. ದುಡ್ಡಿಗಿಂತ ಡ್ರೈವರ್ ಸಿಗೋದು ಕಷ್ಟ. ಇರುವವರಲ್ಲಿ ಅರ್ಧ ಜನ ರಿಟೈರಾದವರು, ಅವರಿಗೂ ಚರ್ಚಿಗೆ ಹೋಗಬೇಕು. ತಿಂಗಳಿಗೆ ಎರಡು ಭಾನುವಾರ, ಒಂದೇ ಬಸ್ ಅಂತ ಶುರು ಮಾಡೋಣ ಅಂದಿದ್ದೇನೆ. ಒಬ್ಬ ಡ್ರೈವರ್ ಒಪ್ಪಿದ್ದಾರೆ. ಅವರು ರಜೆ ಹಾಕಿದ ದಿನಕ್ಕೆ ಇನ್ನೊಬ್ಬರು ಬೇಕು. ಲೈಸನ್ಸ್ ನನ್ನ ಹತ್ತಿರ ಇನ್ನೂ ಇದೆ.