ಹೋಮ್ ಲೋನ್‌ಗೆ ಮೂರು ತಿಂಗಳು ಮುಂಚೆ ತಗೊಂಡ ಕಾರ್ಡು

ಹೋಮ್ ಲೋನ್‌ಗೆ ಅರ್ಜಿ ಹಾಕಿ ಎರಡು ವಾರ ಆಗಿತ್ತು. ಬ್ಯಾಂಕಿನಿಂದ ಫೋನ್ ಬಂತು. "ಮೇಡಂ, ಮೂರು ತಿಂಗಳ ಹಿಂದೆ ಒಂದು ಹೊಸ ಕ್ರೆಡಿಟ್ ಕಾರ್ಡ್ ತಗೊಂಡಿದ್ದೀರಲ್ಲ, ಯಾಕೆ?"

ಆಫರ್ ಇತ್ತು, ತಗೊಂಡೆ. ಅದರಲ್ಲಿ ಯಾಕೆ ಅನ್ನೋದು ಏನಿದೆ ಅಂದುಕೊಂಡೆ. ಆದರೆ ಲೋನ್ ಆಫೀಸರ್ ಅದನ್ನೇ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕಳಿಸಿ ಎಂದರು. ಮನೆ ಸಾಲಕ್ಕೆ ಮುಂಚೆ ಹೊಸದಾಗಿ ಸಾಲದ ಬಾಗಿಲು ತಟ್ಟಿದವರು ಕಂಡರೆ ಬ್ಯಾಂಕಿನವರಿಗೆ ಒಂದೇ ಅನುಮಾನ. ಇವರಿಗೆ ಕೈ ಬಿಗಿಯಾಗಿದೆಯಾ? ನಮ್ಮ ಸಾಲಗಳ ಲೆಕ್ಕವೆಲ್ಲ ಇರುವ ಕ್ರೆಡಿಟ್ ರಿಪೋರ್ಟಿನಲ್ಲಿ ಇನ್ನೂ ಕಾಣಿಸದ ಬೇರೆ ಸಾಲ ಏನಾದರೂ ಇದೆಯಾ? ನಾನು ನಾಲ್ಕು ಸಾಲು ಬರೆದು ಕೊಟ್ಟೆ. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದು ನನ್ನ ತಪ್ಪು.

ನಾನು ಹೆದರಿದ್ದು ಕ್ರೆಡಿಟ್ ಸ್ಕೋರ್ ಬಗ್ಗೆ, ಅಂದರೆ ಆ ರಿಪೋರ್ಟ್ ನೋಡಿ ನಮಗೆ ಕೊಡುವ ಅಂಕದ ಬಗ್ಗೆ. ಫೋನ್ ಇಟ್ಟ ಕೂಡಲೇ ನೋಡಿದೆ. ಕಾರ್ಡ್ ತಗೊಳ್ಳುವ ಮುಂಚೆ ಇದ್ದದ್ದಕ್ಕಿಂತ 9 ಅಂಕ ಕಡಿಮೆ ಆಗಿತ್ತು. (ನಮ್ಮ ಸ್ಕೋರ್ ನಾವೇ ನೋಡಿಕೊಂಡರೆ ಅಂಕ ಇಳಿಯೋದಿಲ್ಲ. ಈ ಭಯಕ್ಕೇ ವರ್ಷಗಟ್ಟಲೆ ನೋಡದೇ ಇದ್ದವಳು ನಾನು.) ಇಳಿದದ್ದಕ್ಕೆ ಕಾರಣ ಎರಡು. ಒಂದು, ಕಾರ್ಡಿಗೆ ಅರ್ಜಿ ಹಾಕಿದಾಗ ಕಾರ್ಡಿನವರು ನನ್ನ ರಿಪೋರ್ಟ್ ತೆಗೆಸಿದ್ದರು. ಇದನ್ನು ಹಾರ್ಡ್ ಎನ್‌ಕ್ವೈರಿ ಅಂತಾರೆ. ಇನ್ನೊಂದು, ಖಾತೆಗಳ ಸರಾಸರಿ ವಯಸ್ಸು. ನನ್ನ ಹತ್ತಿರ 9 ವರ್ಷದ ಒಂದು ಕಾರ್ಡ್, 3 ವರ್ಷದ ಒಂದು ಕಾರ್ ಲೋನ್ ಇತ್ತು. ಸರಾಸರಿ 6 ವರ್ಷ. ಆಗತಾನೆ ಹುಟ್ಟಿದ ಕಾರ್ಡ್ ಸೇರಿದ್ದೇ ಅದು 4 ವರ್ಷಕ್ಕೆ ಇಳಿಯಿತು.

ಸ್ಕೋರ್ ಲೆಕ್ಕ ಹಾಕುವ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಬಳಸುವ ಫೈಕೊ ಸ್ಕೋರ್ 300ರಿಂದ 850ರವರೆಗೆ ಹೋಗುತ್ತದೆ, ಭಾರತದ ಸಿಬಿಲ್ 300ರಿಂದ 900ರವರೆಗೆ. ಯಾವುದಕ್ಕೆ ಎಷ್ಟು ತೂಕ ಅಂತ ಫೈಕೊ ಕಂಪನಿ ತಾನೇ ಹೇಳಿಕೊಂಡಿದೆ. ಕಂತು ಸರಿಯಾಗಿ ಕಟ್ಟಿದ್ದಕ್ಕೆ 35%, ಬಾಕಿ ಎಷ್ಟಿದೆ ಅನ್ನೋದಕ್ಕೆ 30%, ಖಾತೆಗಳ ವಯಸ್ಸಿಗೆ 15%, ಹೊಸ ಸಾಲಕ್ಕೆ 10%, ಬೇರೆ ಬೇರೆ ಬಗೆಯ ಸಾಲ ಇರೋದಕ್ಕೆ 10%. ಫೈಕೊ ಪ್ರಕಾರ ಒಂದು ಹಾರ್ಡ್ ಎನ್‌ಕ್ವೈರಿಗೆ ಬಹಳ ಜನರಿಗೆ 5 ಅಂಕವೂ ಹೋಗೋದಿಲ್ಲವಂತೆ. ಅದು ರಿಪೋರ್ಟಿನಲ್ಲಿ 2 ವರ್ಷ ಕೂತಿರುತ್ತದೆ, ಸ್ಕೋರಿನ ಲೆಕ್ಕಕ್ಕೆ ಬರೋದು ಮೊದಲ 12 ತಿಂಗಳು ಮಾತ್ರ. ನನ್ನ 9 ಅಂಕದಿಂದ ಬಡ್ಡಿ ದರ ಬದಲಾಗಲೂ ಇಲ್ಲ. ಸ್ಕೋರ್ ಗಡಿಯ ಮೇಲೇ ನಿಂತಿದ್ದವರಿಗಾದರೆ ಅದೇ 9 ಅಂಕ ದುಬಾರಿ ಆಗಬಹುದು.

ನನ್ನ ಕಾಲಿಗೆ ತೊಡರಿದ್ದು ಬೇರೆ. ಹೊಸ ಕಾರ್ಡ್ ಬಂದ ಖುಷಿಯಲ್ಲಿ ಹೊಸ ಮನೆಗೆ ಅಂತ ಫ್ರಿಜ್, ವಾಷಿಂಗ್ ಮಷಿನ್ ಎರಡನ್ನೂ ಅದರಲ್ಲೇ ತಗೊಂಡಿದ್ದೆವು. ಕಂತಿನ ಮೇಲೆ. ಮನೆಯೇ ಕೈಗೆ ಬಂದಿರಲಿಲ್ಲ, ಆಗಲೇ ಫ್ರಿಜ್! ಆ ಕಂತನ್ನು ನಾವು ಸಾಲ ಅಂತ ಎಣಿಸಿಯೇ ಇರಲಿಲ್ಲ. ಬ್ಯಾಂಕ್ ಎಣಿಸಿತು.

ಅವರ ಲೆಕ್ಕ ಹೀಗಿತ್ತು. ನಮ್ಮಿಬ್ಬರ ತಿಂಗಳ ಆದಾಯ 100 ಅಂತ ಇಟ್ಟುಕೊಳ್ಳಿ. ಕಾರಿನ ಕಂತು 9. ಮನೆ ಸಾಲದ ಕಂತು 29. ಒಟ್ಟು 38. ನಮ್ಮ ಬ್ಯಾಂಕ್ 40ರವರೆಗೆ ಒಪ್ಪುತ್ತಿತ್ತು. ಫ್ರಿಜ್ ಮತ್ತು ವಾಷಿಂಗ್ ಮಷಿನ್ ಸೇರಿ ಇನ್ನೊಂದು 5. ಅಲ್ಲಿಗೆ 43. ಕಂತು ಇಲ್ಲದೆ ಸುಮ್ನೆ ಬಾಕಿ ಇದ್ದರೂ ಬಿಡೋದಿಲ್ಲ. ಕಾರ್ಡಿನ ಕನಿಷ್ಠ ಪಾವತಿಯನ್ನು ತಿಂಗಳ ಖರ್ಚು ಅಂತ ಹಿಡಿಯುತ್ತಾರೆ. ಅದು ರಿಪೋರ್ಟಿನಲ್ಲಿ ಇಲ್ಲದಿದ್ದರೆ ಬಾಕಿಯ 5% ಹಿಡಿಯುವವರೂ ಇದ್ದಾರೆ.

"ಸಾಲ ಕಡಿಮೆ ಮಾಡಿಕೊಳ್ಳಿ, ಇಲ್ಲಾಂದ್ರೆ ಅವಧಿ ಹೆಚ್ಚಿಸಿಕೊಳ್ಳಿ" ಎಂದರು ಆಫೀಸರ್. ಎರಡೂ ಬೇಡವಾಗಿತ್ತು. ಅವಧಿ ಹೆಚ್ಚಿಸಿದರೆ ಒಂದು ಫ್ರಿಜ್ಜಿಗೋಸ್ಕರ ವರ್ಷಗಟ್ಟಲೆ ಜಾಸ್ತಿ ಬಡ್ಡಿ ಕಟ್ಟಬೇಕು.

ರಾತ್ರಿ ನಮ್ಮವರ ಹತ್ತಿರ ಹೇಳಿದೆ. "ರೀ, ಆ ಕಾರ್ಡನ್ನೇ ಕ್ಲೋಸ್ ಮಾಡಿಬಿಡೋಣ." ಅವರಿಗೂ ಸರಿ ಅನಿಸಿತು. ಪುಣ್ಯಕ್ಕೆ ಬೆಳಗ್ಗೆ ಮೊದಲು ಆಫೀಸರನ್ನು ಕೇಳಿದೆ. ಬೇಡವೇ ಬೇಡ ಎಂದರು. ಕಾರ್ಡ್ ಮುಚ್ಚಿದರೆ ಎನ್‌ಕ್ವೈರಿ ಅಳಿಸಿಹೋಗೋದಿಲ್ಲ. ಹೋಗೋದು ಅದರ ಲಿಮಿಟ್ ಮಾತ್ರ. ಲಿಮಿಟ್ಟಿನಲ್ಲಿ ಬಳಸಿದ ಪಾಲು ಕಡಿಮೆ ಇದ್ದಷ್ಟೂ ಸ್ಕೋರಿಗೆ ಒಳ್ಳೆಯದು. ಹಳೆ ಕಾರ್ಡಿನಲ್ಲಿ 100 ಲಿಮಿಟ್, 40 ಬಳಸಿದ್ದೇನೆ ಅಂದರೆ 40% ಬಳಕೆ. ಹೊಸ ಕಾರ್ಡಿನ ಇನ್ನೊಂದು 100 ಸೇರಿ, ಅದರಲ್ಲಿ ಬಾಕಿ ಏನೂ ಇಲ್ಲದಿದ್ದರೆ ಅದೇ 40 ಈಗ 20% ಆಗುತ್ತದೆ. ಅಂದರೆ ಖಾಲಿ ಇದ್ದಿದ್ದರೆ ಈ ಕಾರ್ಡ್ ನನಗೆ ಸಹಾಯವನ್ನೇ ಮಾಡುತ್ತಿತ್ತು! ಅದನ್ನು ತುಂಬಿಸಿಟ್ಟವಳು ನಾನೇ.

ಆಮೇಲೆ ಮಾಡಿದ್ದು ಇಷ್ಟು. ಎರಡೂ ಕಂತುಗಳನ್ನು ಒಂದೇ ಸಲ ಫೋರ್‌ಕ್ಲೋಸ್ ಮಾಡಿಸಿದೆ, ಅಂದರೆ ಅವಧಿಗೆ ಮುಂಚೆಯೇ ಪೂರ್ತಿ ತೀರಿಸಿದೆ. ಅದಕ್ಕೂ ಒಂದು ಶುಲ್ಕ ಕಿತ್ತುಕೊಂಡರು. ಡೌನ್ ಪೇಮೆಂಟಿಗೆ ಅಂತ ಬ್ಯಾಂಕಿಗೆ ತೋರಿಸಿದ್ದ ದುಡ್ಡನ್ನು ಮುಟ್ಟುವಂತಿರಲಿಲ್ಲ, ಮುಟ್ಟಿದ್ದರೆ ಅದಕ್ಕೂ ಇನ್ನೊಂದು ಪತ್ರ. ಹೊಸ ಮನೆಗೆ ಬಣ್ಣ ಹೊಡೆಸಲು ಎತ್ತಿಟ್ಟಿದ್ದ ದುಡ್ಡು ಹೋಯಿತು.

ದುಡ್ಡು ಕಟ್ಟಿದ ಮಾತ್ರಕ್ಕೆ ರಿಪೋರ್ಟ್ ಮಾರನೇ ದಿನ ಬದಲಾಗೋದಿಲ್ಲ. ಕಾರ್ಡಿನವರು ಬ್ಯೂರೋಗೆ, ಅಂದರೆ ಈ ರಿಪೋರ್ಟ್ ತಯಾರಿಸುವ ಸಂಸ್ಥೆಗೆ, ಮಾಹಿತಿ ಕಳಿಸೋದಕ್ಕೆ ಅವರದೇ ಒಂದು ಸುತ್ತು ಇರುತ್ತದೆ. ಅಲ್ಲಿಯವರೆಗೆ ಕಾಯಲು ನಮಗೆ ಟೈಮ್ ಇರಲಿಲ್ಲ. ಕಂತು ಪೂರ್ತಿ ತೀರಿದೆ ಅನ್ನುವ ಪತ್ರವನ್ನು ಕಾರ್ಡಿನವರ ಹತ್ತಿರ ಬರೆಸಿಕೊಂಡು ಕೊಟ್ಟೆ. ಅದನ್ನು ಪಡೆಯಲು ಆರು ಸಲ ಫೋನ್ ಮಾಡಬೇಕಾಯಿತು. ಕಾರ್ಡ್ ಕೊಡುವಾಗ ಮಾತ್ರ ಅವರೇ ಮಾಡುತ್ತಿದ್ದರು, ಅಲ್ವಾ?

ಇದೇ ಗಡಿಬಿಡಿಯಲ್ಲಿ ಇನ್ನೊಂದು ಗೊತ್ತಾಯಿತು. ನಾನು ಹಳೆ ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ. ಒಂದು ಪೈಸೆ ಬಡ್ಡಿ ಕೊಟ್ಟವಳಲ್ಲ. ಆದರೂ ರಿಪೋರ್ಟಿನಲ್ಲಿ ಬಾಕಿ ಕಾಣುತ್ತಿತ್ತು. ಯಾಕೆಂದರೆ ಸಾಮಾನ್ಯವಾಗಿ ಬ್ಯೂರೋಗೆ ಹೋಗೋದು ಸ್ಟೇಟ್‌ಮೆಂಟ್ ದಿನದ ಬಾಕಿ. ನಾನು ಕಟ್ಟುತ್ತಿದ್ದದ್ದು ಅದಾದ ಮೇಲೆ, ಕೊನೇ ದಿನಾಂಕಕ್ಕೆ. ಆ ತಿಂಗಳಿಂದ ಸ್ಟೇಟ್‌ಮೆಂಟ್ ಬರುವ ಮೂರು ದಿನ ಮೊದಲೇ ಕಟ್ಟಿಬಿಟ್ಟೆ. ಖರ್ಚು ಅಷ್ಟೇ, ದುಡ್ಡೂ ಅಷ್ಟೇ, ಬಳಕೆ ಮಾತ್ರ 40ರಿಂದ 6%ಗೆ ಬಂತು. ಮುಂದಿನ ರಿಪೋರ್ಟಿನಲ್ಲಿ ಕಳೆದುಕೊಂಡ 9 ಅಂಕ ವಾಪಸ್ ಬಂದು, ಮೇಲೆ ಇನ್ನಷ್ಟು ಸೇರಿತ್ತು.

ಮಂಜೂರಾತಿ ಪತ್ರ ಬಂದ ದಿನ ನಮ್ಮವರು ಸೋಫಾ ನೋಡಲು ಶುರು ಮಾಡಿದರು. "ಬೀಗದ ಕೈ ಬರಲಿ, ಆಮೇಲೆ" ಎಂದೆ. ಹಣ ಬಿಡುಗಡೆ ಮಾಡುವ ಮುಂಚೆ ಬ್ಯಾಂಕ್ ಇನ್ನೊಮ್ಮೆ ರಿಪೋರ್ಟ್ ತೆಗೆಸಬಹುದು. ನಮ್ಮದನ್ನು ತೆಗೆಸಿದರು. ಅರ್ಜಿಯಲ್ಲಿ ಇಬ್ಬರ ಹೆಸರೂ ಇದ್ದದ್ದರಿಂದ ಇಬ್ಬರದೂ.

ನನ್ನ ತಂಗಿ ಈಗ ಮನೆ ನೋಡುತ್ತಿದ್ದಾಳೆ. ಅವಳಿಗೆ ಕಾರ್ಡೂ ಇಲ್ಲ, ಸಾಲವೂ ಇಲ್ಲ. "ಅಕ್ಕಾ, ನಾನೂ ಕಾರ್ಡ್ ತಗೊಳ್ಳಬಾರದಾ?" ಎಂದಳು. ಅವಳ ಕಥೆ ಬೇರೆ. ಏನೂ ಇಲ್ಲದವರಿಗೆ ಸ್ಕೋರೇ ಹುಟ್ಟೋದಿಲ್ಲ. ಫೈಕೊ ಲೆಕ್ಕದಲ್ಲಿ ಕನಿಷ್ಠ 6 ತಿಂಗಳು ಹಳೆಯದಾದ ಒಂದು ಖಾತೆ ಇರಲೇಬೇಕು. ಇವತ್ತೇ ಒಂದು ತಗೋ, ಸಣ್ಣ ಬಿಲ್ ಕಟ್ಟು, ಮನೆ ಸಾಲದ ಮಾತು ಒಂದು ವರ್ಷ ಆದ ಮೇಲೆ ಎಂದೆ. ಒಂದೇ, ಐದಲ್ಲ. ಮನೆ ಸಾಲಕ್ಕೆ ಕೆಲವು ದಿನಗಳ ಒಳಗೆ ನಾಲ್ಕು ಬ್ಯಾಂಕ್ ಕೇಳಿದರೆ ಫೈಕೊ ಅದನ್ನು ಒಂದೇ ಎನ್‌ಕ್ವೈರಿ ಅಂತ ಎಣಿಸುತ್ತದೆ, ಅದರ ಹೊಸ ಸೂತ್ರಗಳಲ್ಲಿ ಆ ಗಡುವು 45 ದಿನ. ಕಾರ್ಡಿಗೆ ಆ ರಿಯಾಯಿತಿ ಇಲ್ಲ. ಪ್ರತಿ ಅರ್ಜಿಯೂ ಬೇರೆ ಬೇರೆ.

ನನ್ನ ಆ ಕಾರ್ಡ್ ಈಗಲೂ ಇದೆ. ಮೊಬೈಲ್ ಬಿಲ್ ಬಿಟ್ಟು ಬೇರೇನೂ ಅದರಲ್ಲಿ ಹೋಗೋದಿಲ್ಲ. ಮನೆಗೆ ಬಂದು ಏಳು ತಿಂಗಳಾಯಿತು. ಮಲಗುವ ಕೋಣೆಗಷ್ಟೇ ಬಣ್ಣ ಹೊಡೆಸಿದ್ದೇವೆ. ಹಾಲ್ ಇನ್ನೂ ಹಳೆ ಮಾಲೀಕರು ಬಿಟ್ಟುಹೋದ ಕಡು ಹಸಿರಲ್ಲೇ ಇದೆ, ಪಕ್ಕದಲ್ಲಿ ಹೊಸ ಫ್ರಿಜ್.