ಎರಡನೇ ಡಿಸ್ಕ್‌ನಲ್ಲಿ ಸೇವ್ ಕಾಣದಿದ್ದಾಗ: ನನ್ನ ಅನುಭವ

ಲಿನಕ್ಸ್ ಆಧಾರಿತ ಹ್ಯಾಂಡ್‌ಹೆಲ್ಡ್‌ನಲ್ಲಿ (ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ), ಹಳೆಯ ಆಟಗಳನ್ನು ನಡೆಸುವ ರೆಟ್ರೋಆರ್ಚ್ ತಂತ್ರಾಂಶದ ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಕೋರ್ (ಪ್ಲೇಸ್ಟೇಷನ್‌ನಂತೆ ಕೆಲಸ ಮಾಡುವ ಭಾಗ) ಬಳಸಿ ಮೂರು ಡಿಸ್ಕ್‌ಗಳ ಪ್ಲೇಸ್ಟೇಷನ್ ಆಟ ಆಡುವಾಗ, ಎರಡನೇ ಡಿಸ್ಕ್‌ನ ಫೈಲನ್ನು ತೆರೆದರೆ ಸೇವ್‌ಗಳಿರುವ ಮೆಮೊರಿ ಕಾರ್ಡ್ ಖಾಲಿ ಎಂದು ತೋರಿಸುತ್ತಿತ್ತು. ಬಯೋಸ್ (ಪ್ಲೇಸ್ಟೇಷನ್‌ನ ಮೂಲ ತಂತ್ರಾಂಶದ ಫೈಲ್) ಬದಲಿಸಿದೆ, ಕೋರ್ ಅಪ್‌ಡೇಟ್ ಮಾಡಿದೆ, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹೊಸ ಎಸ್‌ಡಿ ಕಾರ್ಡ್ ಕೊಂಡು ಎಲ್ಲವನ್ನೂ ಮತ್ತೆ ಕಾಪಿ ಮಾಡಿದೆ. ಯಾವುದೂ ಫಲ ಕೊಡಲಿಲ್ಲ.

ತೆರೆದ ಫೈಲಿನ ಹೆಸರಿನಲ್ಲೇ ಮೆಮೊರಿ ಕಾರ್ಡ್ ಕೂಡ '.ಎಸ್‌ಆರ್‌ಎಂ' (.srm) ಫೈಲಾಗಿ ಉಳಿಯುವುದರಿಂದ, ಡಿಸ್ಕ್‌ಗೊಂದು ಪ್ರತ್ಯೇಕ ಕಾರ್ಡ್ ಹುಟ್ಟಿಕೊಳ್ಳುತ್ತದೆ. ಇದನ್ನು ತಪ್ಪಿಸುವುದು ಡಿಸ್ಕ್‌ಗಳ ಪಟ್ಟಿಯಿರುವ '.ಎಂ3ಯು' (.m3u) ಫೈಲ್. ನೋಟ್‌ಪ್ಯಾಡ್‌ನಲ್ಲಿ ಮೂರೂ ಸಿಎಚ್‌ಡಿ ಫೈಲುಗಳ (ಡಿಸ್ಕ್‌ಗಳ ಸಂಕುಚಿತ ಪ್ರತಿ) ಪೂರ್ಣ ಹೆಸರನ್ನು, ವಿಸ್ತರಣೆಯ (ಹೆಸರಿನ ಕೊನೆಯ '.chd') ಸಮೇತ, ಸಾಲಿಗೊಂದರಂತೆ ಡಿಸ್ಕ್‌ಗಳ ಕ್ರಮದಲ್ಲೇ ಬರೆದು, ಅವಿರುವ ಫೋಲ್ಡರ್‌ನಲ್ಲೇ '.ಎಂ3ಯು' ವಿಸ್ತರಣೆಯೊಂದಿಗೆ ಉಳಿಸಬೇಕು. ವಿಂಡೋಸ್ ವಿಸ್ತರಣೆಯನ್ನು ಮರೆಮಾಡಿದ್ದರೆ ಹೆಸರಿನ ಕೊನೆಗೆ '.ಟಿಎಕ್ಸ್‌ಟಿ' ಅಂಟಿಕೊಂಡಿರುವುದು ಕಾಣುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ನಂತರ, ಆಟವನ್ನು ತೆರೆಯುವ ಮೊದಲೇ, ಮೊದಲ ಡಿಸ್ಕ್‌ನ '.ಎಸ್‌ಆರ್‌ಎಂ' ಫೈಲಿಗೆ, ವಿಸ್ತರಣೆಯನ್ನು ಹಾಗೇ ಬಿಟ್ಟು, ಎಂ3ಯು ಫೈಲಿನ ಹೆಸರನ್ನೇ ಕೊಡಬೇಕು. ಆಗ ಹಳೆಯ ಸೇವ್ ಉಳಿಯುತ್ತದೆ. ಇನ್ನು ಮುಂದೆ ಎಂ3ಯು ಫೈಲನ್ನೇ ತೆರೆಯಬೇಕು. ಡಿಸ್ಕ್ ಬದಲಿಸುವಂತೆ ಆಟ ಕೇಳಿದಾಗ ಕ್ವಿಕ್ ಮೆನುವಿನ ಡಿಸ್ಕ್ ಕಂಟ್ರೋಲ್‌ಗೆ ಹೋಗಿ, ಮೊದಲು ಎಜೆಕ್ಟ್ ಒತ್ತಿ, ಡಿಸ್ಕ್ ಇಂಡೆಕ್ಸ್ 2 ಆರಿಸಿ, ಇನ್ಸರ್ಟ್ ಒತ್ತಿ ಆಟಕ್ಕೆ ಮರಳಬೇಕು.