ಹೊಟ್ಟೆಯ ಕೊಬ್ಬು ಮತ್ತು ಸಿಆರ್‌ಪಿ: ಅಳೆಯುವುದು, ಓದುವುದು ಹೇಗೆ?

ಬಳ್ಳಾರಿಯಲ್ಲಿ ಗಂಡಸರನ್ನು ಸೊಂಟ ಎಷ್ಟು ಅಂತ ಕೇಳಿದರೆ ಪ್ಯಾಂಟಿನ ಸೈಜು ಹೇಳುತ್ತಾರೆ. ಜೀನ್ಸ್ ಹೊಲಿಯುವ ಊರು, ಸಹಜ. ಆದರೆ ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. '34' ಅನ್ನುವವರ ಹೊಟ್ಟೆಗೆ ಟೇಪ್ ಸುತ್ತಿದರೆ 40 ಇಂಚು ದಾಟಿರುವುದುಂಟು.

ಹೊಟ್ಟೆಯನ್ನೇ ಏಕೆ ಅಳೆಯಬೇಕು? ಅಲ್ಲಿನ ಕೊಬ್ಬಿನ ಕೋಶಗಳು ಉಬ್ಬುತ್ತಾ ಹೋದ ಹಾಗೆ ಎಂಸಿಪಿ-1 ಎಂಬ ಸಂಕೇತ ಬಿಡುತ್ತವೆ. ಅದನ್ನು ಹಿಡಿದು ರಕ್ತದಿಂದ ರೋಗನಿರೋಧಕ ಕೋಶಗಳು ಬರುತ್ತವೆ. ಬಂದ ಬೀಗರು ಹೊರಡದೆ ಉಳಿದ ಹಾಗೆ ಅಲ್ಲೇ ತಳವೂರಿ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳಾಗುತ್ತವೆ. ಅವು ಟಿಎನ್‌ಎಫ್-ಆಲ್ಫಾ, ಐಎಲ್-6 ಎಂಬ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತ ಎಬ್ಬಿಸುವ ಸಂಕೇತಗಳನ್ನು ಉಗುಳುತ್ತವೆ. ಟಿಎನ್‌ಎಫ್ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಬೊಜ್ಜಿನ ಇಲಿಗಳಲ್ಲಿ ಇದು ಕಂಡದ್ದು 1993ರಲ್ಲಿ. ಐಎಲ್-6 ಲಿವರ್ ತಲುಪಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ತಯಾರಿಸಲು ಹೇಳುತ್ತದೆ. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಇದು ಏರುತ್ತದೆ. ಸೈಟೊಕೈನ್ ಪರೀಕ್ಷೆ ನಮ್ಮ ಊರಿನ ಲ್ಯಾಬುಗಳಲ್ಲಿ ದಿನಾ ಮಾಡುವಂಥದ್ದಲ್ಲ. ಸಿಆರ್‌ಪಿ ಸುಲಭ.

ಮೊದಲು ಟೇಪ್. ಟೈಲರ್ ಟೇಪ್ ಸಾಕು, ಹಿಗ್ಗಿದ ಹಳೆಯದು ಬೇಡ. ಬರಿಮೈ ಮೇಲೆ, ಕೊನೆಯ ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲೂ ಬೆರಳಿಟ್ಟು ನಡುವಿನ ಜಾಗ ಗುರುತಿಸಿ. ಟೇಪ್ ಹಿಂದೆ ಕೆಳಗೆ ಜಾರಬಾರದು, ಕನ್ನಡಿ ನೋಡಿಕೊಳ್ಳಿ. ಮಾಮೂಲಿ ಉಸಿರು ಬಿಟ್ಟ ಕ್ಷಣದಲ್ಲಿ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಯಾರಿಗೆ ಮೋಸ? ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ.

ಎರಡನೆಯದು ರಕ್ತ ಪರೀಕ್ಷೆ. ಜಾಸ್ತಿ ಎಡವಟ್ಟು ಆಗುವುದೇ ಇಲ್ಲಿ. ಕೌಂಟರಿನಲ್ಲಿ 'ಸಿಆರ್‌ಪಿ' ಅಂದರೆ ಸಾದಾ ಪರೀಕ್ಷೆ ಮಾಡುತ್ತಾರೆ. ಅದು ಜ್ವರ, ಕೀವು, ಸೋಂಕು ಹುಡುಕಲು. ಕೊಬ್ಬಿನಿಂದ ಬರುವ ಸಣ್ಣ ಏರಿಕೆಗೆ ಬೇಕಾದ್ದು ಎಚ್‌ಎಸ್-ಸಿಆರ್‌ಪಿ, ಅಂದರೆ ಹೈ-ಸೆನ್ಸಿಟಿವಿಟಿ ಸಿಆರ್‌ಪಿ. ಚೀಟಿಯಲ್ಲಿ 'ಎಚ್‌ಎಸ್' ಬರೆಸಿಕೊಳ್ಳಿ, ನಾಚಿಕೆ ಬೇಡ.

ಯಾವಾಗ ಹೋಗಬೇಕು? ಉಪವಾಸ ಬೇಕಿಲ್ಲ. ಆದರೆ ಜ್ವರ, ನೆಗಡಿ, ಹಲ್ಲುನೋವು, ಕಾಲಿಗೆ ಗಾಯ, ಯಾವುದಾದರೂ ಇದ್ದರೆ ಹೋಗಬೇಡಿ. ವಾಸಿಯಾದ ಮೇಲೂ ಎರಡು ವಾರ ಬಿಡಿ. ಇಲ್ಲದಿದ್ದರೆ ನೀವು ಅಳೆದದ್ದು ಹಲ್ಲಿನ ಹುಳುಕು, ಹೊಟ್ಟೆಯ ಕೊಬ್ಬಲ್ಲ! ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಸಿಆರ್‌ಪಿ ಏರಬಹುದು, ಡಾಕ್ಟರಿಗೆ ಹೇಳಿ. ಕೊಲೆಸ್ಟ್ರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಸಿಆರ್‌ಪಿ ಇಳಿಸುತ್ತದೆ, ಅದನ್ನೂ ಹೇಳಿ.

ರಿಪೋರ್ಟ್ ಬಂದಾಗ ಅಂಕಿಗಿಂತ ಮೊದಲು ಅಳತೆಯ ಘಟಕ ನೋಡಿ. ಕೆಲವರು ಲೀಟರಿಗೆ ಮಿಲಿಗ್ರಾಂ ಕೊಡುತ್ತಾರೆ, ಕೆಲವರು ಡೆಸಿಲೀಟರಿಗೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿಗೆ 0.4 ಅಂದರೆ ಲೀಟರಿಗೆ 4, ಖುಷಿಪಡಬೇಡಿ. ಲೀಟರಿಗೆ 1ಕ್ಕಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ. 1ರಿಂದ 3 ಮಧ್ಯಮ. 3ರ ಮೇಲೆ ಜಾಸ್ತಿ. 10 ದಾಟಿದರೆ ಕೊಬ್ಬನ್ನು ಬಿಡಿ, ಮೊದಲು ಸೋಂಕು ಹುಡುಕಬೇಕು.

ಒಂದೇ ರಿಪೋರ್ಟಿನಿಂದ ತೀರ್ಮಾನ ಬೇಡ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡರ ಸರಾಸರಿ ನೋಡಿ. ಆಮೇಲೂ ಜಾಸ್ತಿ ಇದ್ದರೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ರಿಪೋರ್ಟುಗಳ ಜೊತೆಗೆ ಡಾಕ್ಟರಿಗೆ ತೋರಿಸಿ.

ಉರಿಯೂತ ಇಳಿಸುತ್ತದೆ ಅಂತ ಮಾರುವ ಪುಡಿ, ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟ್ ಕೊಳ್ಳಬೇಡಿ. ಬೆಲ್ಟ್ ಇಳಿಸುವುದು ನೀರನ್ನು. ನಮ್ಮ ಬಿಸಿಲಿಗೆ ಅದಿಲ್ಲದೆಯೂ ಬೆವರು ಸುರಿಯುತ್ತದೆ, ಅಲ್ವಾ? ತೂಕ ಇಳಿದರೆ ಸಿಆರ್‌ಪಿಯೂ ಇಳಿಯುತ್ತದೆ. ಹೊತ್ತು ಏರುವ ಮುಂಚೆ ನಡೆಯಿರಿ. ಸಂಜೆಯ ಮಂಡಕ್ಕಿ ಇರಲಿ, ಜೊತೆಗಿನ ಮಿರ್ಚಿ ವಾರಕ್ಕೊಮ್ಮೆ ಸಾಕು. ಟೇಪ್ ತಿಂಗಳಿಗೊಮ್ಮೆ ತೆಗೆಯಿರಿ, ಅದೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ.